ಸಹಾಯ ಬೇಕು: ಜರ್ಮನಿಯಲ್ಲಿ ಓ ಪೇರ್ ಆಗಿರುವ ನನ್ನ ತಂಗಿಗೆ

ಎಲ್ಲರಿಗೂ ನಮಸ್ಕಾರ. ನಾವು ಬಾಗಲಕೋಟೆ ನವನಗರದವರು. ನನ್ನ ತಂಗಿ ಮೂರು ವಾರದ ಹಿಂದೆ ಓ ಪೇರ್ ಆಗಿ ಜರ್ಮನಿಗೆ ಹೋಗಿದ್ದಾಳೆ. ಅಂದರೆ ಅಲ್ಲಿನ ಒಂದು ಕುಟುಂಬದ ಜೊತೆ ಇದ್ದು, ಅವರ ಇಬ್ಬರು ಮಕ್ಕಳನ್ನು ನೋಡಿಕೊಳ್ಳಬೇಕು. ಮನೆಯವರು ಒಳ್ಳೆಯವರೇ. ಇವಳಿಗೇ ಬಾಯಿ ಬಿಟ್ಟು ಹೇಳೋಕೆ ಸಂಕೋಚ.

ಅಲ್ಲಿನ ನಿಯಮದಂತೆ ಕೆಲಸ ವಾರಕ್ಕೆ 30 ಗಂಟೆ, ದಿನಕ್ಕೆ 6 ಗಂಟೆ ಮೀರಬಾರದು. ಇವಳು ಮಕ್ಕಳು ಮಲಗಿದ ಮೇಲೂ ಪಾತ್ರೆ ತೊಳೆಯುತ್ತಾಳೆ, ಬಟ್ಟೆ ಮಡಚುತ್ತಾಳೆ. "ಸುಮ್ನೆ ಕೂತರೆ ಏನಂದುಕೊಳ್ಳುತ್ತಾರೋ ಅಕ್ಕಾ" ಅಂತಾಳೆ. ರಾತ್ರಿ ಊಟಕ್ಕೆ ತಣ್ಣನೆ ಬ್ರೆಡ್ಡು, ಚೀಸು. ಆಮೇಲೆ ರೂಮಿಗೆ ಹೋಗಿ, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಾಳೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ರೊಟ್ಟಿ ಮುರಿಯುವ ಸದ್ದು ಕೇಳಿ ಅವ್ವನ ಕಣ್ಣು ತುಂಬಿತು.

ಇಲ್ಲಿ ಓ ಪೇರ್ ಆಗಿ ಹೋಗಿ ಬಂದವರು ಯಾರಾದರೂ ಇದ್ದೀರಾ? ಕೆಲಸದ ಹೊತ್ತಿನ ಬಗ್ಗೆ ಮನೆಯವರಿಗೆ ಬೇಜಾರಾಗದ ಹಾಗೆ ಹೇಗೆ ಮಾತು ತೆಗೆದಿರಿ? ಅವರ ಅಡುಗೆಮನೆಯಲ್ಲಿ ನಮ್ಮ ಅಡುಗೆ ಮಾಡಲಾ ಅಂತ ಕೇಳಿದರೆ ತಪ್ಪಾಗುತ್ತಾ? ಒಗ್ಗರಣೆ ವಾಸನೆಗೆ ಏನಂತಾರೋ ಅಂತ ಹೆದರಿದ್ದಾಳೆ.

ವಾಪಸ್ ಬಾ ಅನ್ನೋಕೆ ನನಗೆ ಮನಸ್ಸಿಲ್ಲ. ಎರಡು ವರ್ಷದಿಂದ ಕಂಡ ಕನಸು ಅವಳದು. ಈಗ ಅಲ್ಲೇ ಇರುವ ಅಕ್ಕಂದಿರು ಯಾರಾದರೂ ಅವಳ ಜೊತೆ ಹತ್ತು ನಿಮಿಷ ಕನ್ನಡದಲ್ಲಿ ಮಾತಾಡಿದರೂ ಸಾಕು. ದಯವಿಟ್ಟು ಇನ್‌ಬಾಕ್ಸ್ ಮಾಡಿ.