ವಾಲಿಂಗ್‌ಫರ್ಡ್ ನೋಡಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಅಪ್ಪ ಧಾರವಾಡದಿಂದ ನನ್ನ ಬಳಿ ಇಂಗ್ಲೆಂಡಿನ ರೆಡಿಂಗ್‌ಗೆ ಬರುತ್ತಿದ್ದಾರೆ. ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಅವರನ್ನು ಥೇಮ್ಸ್ ದಂಡೆಯ ಹಳೆಯ ಪೇಟೆ ವಾಲಿಂಗ್‌ಫರ್ಡ್‌ಗೆ ಕರೆದೊಯ್ಯಬೇಕೆಂದಿದ್ದೇನೆ. ಸಾವಿರ ವರ್ಷಕ್ಕೂ ಹಿಂದಿನ ಸ್ಯಾಕ್ಸನ್ ಕಾಲದ ಮಣ್ಣಿನ ಕೋಟೆದಿಬ್ಬ ಇನ್ನೂ ಊರನ್ನು ಬಳಸಿ ನಿಂತಿದೆ. 1155ರಲ್ಲಿ ದೊರೆ ಎರಡನೆಯ ಹೆನ್ರಿ ಸನ್ನದು ಕೊಟ್ಟ ಪೇಟೆಯಿದು. ಶುಕ್ರವಾರ ಸಂತೆ ಎಂದು ಕೇಳಿದ್ದೇನೆ, ಆ ದಿನವೇ ಹೋಗುವ ಆಸೆ. ಹದಿನೇಳನೆಯ ಶತಮಾನದಲ್ಲಿ ಅರಸೊತ್ತಿಗೆ ಕಿತ್ತೊಗೆದು ಆಳಿದ ಕ್ರಾಮ್‌ವೆಲ್ ಕಾಲದಲ್ಲಿ ಕೆಡವಿದ ಕೋಟೆಯ ಅವಶೇಷಗಳನ್ನೂ ಉದ್ದನೆಯ ಕಲ್ಲಿನ ಸೇತುವೆಯನ್ನೂ ಅವರು ಖಂಡಿತ ನಿಧಾನವಾಗಿ ನೋಡುತ್ತಾರೆ.

ಆದರೆ ಅವರಿಗೆ ಮೊಣಕಾಲು ನೋವು. ಸೇತುವೆಯಿಂದ ಕೋಟೆಯ ತೋಟಕ್ಕೆ ಏರು ಕಡಿಮೆ ಇರುವ ದಾರಿ ಯಾವುದು? ನಡುವೆ ಕೂರಲು ಬೆಂಚುಗಳಿವೆಯೇ? ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ, ಊಟ ಕಟ್ಟಿಕೊಂಡೇ ಹೋಗುತ್ತೇವೆ. ನದಿ ದಂಡೆಯಲ್ಲಿ ನೆರಳಿರುವ ಜಾಗ ಗೊತ್ತಿದ್ದರೆ ತಿಳಿಸಿ.

ಮುಖ್ಯವಾದದ್ದು ಇನ್ನೊಂದಿದೆ. ಅಲ್ಲಿಂದ ಕೆಲವೇ ಮೈಲಿ ದೂರದ ಸ್ಟೋಕ್ ರೋ ಹಳ್ಳಿಯಲ್ಲಿ ಕಾಶಿ ಮಹಾರಾಜರು ತೋಡಿಸಿಕೊಟ್ಟ ಬಾವಿಯಿದೆ. 1864ರದು, 368 ಅಡಿ ಆಳ, ಮೇಲೆ ಗುಮ್ಮಟ. ನೀರಿಗೆ ಬವಣೆಪಡುತ್ತಿದ್ದ ಇಂಗ್ಲೆಂಡಿನ ಹಳ್ಳಿಗೆ ನಮ್ಮ ದೇಶದ ದೊರೆ ನೀರು ಕೊಟ್ಟ ಕಥೆ! ಅಪ್ಪನಿಗೆ ಇದನ್ನು ತೋರಿಸಲೇಬೇಕು. ನಮ್ಮಲ್ಲಿ ಕಾರಿಲ್ಲ. ವಾಲಿಂಗ್‌ಫರ್ಡ್‌ವರೆಗೆ ಬಸ್ ಇದೆ, ಮುಂದೆ ಟ್ಯಾಕ್ಸಿಯೇ ಗತಿಯೇ? ವಾಪಸು ಬರಲು ಮೊದಲೇ ಹೇಳಿಡಬೇಕೇ? ಹೋಗಿ ಬಂದವರು ದಯವಿಟ್ಟು ವಿವರವಾಗಿ ಬರೆಯಿರಿ.