ಗುಲ್‌ಮೊಹರ್ ಬಿದ್ದ ಜಾಗಕ್ಕೆ ಯಾವ ಗಿಡ ಹಾಕೋಣ?

ಪಾರ್ಕ್‌ಪಕ್ಕದಮನೆ:
ನಮಸ್ಕಾರ. ಬೆಂಗಳೂರಿನಲ್ಲಿ ನಮ್ಮ ಮನೆ ಎದುರಿನ ಪುಟ್ಟ ಪಾರ್ಕಿನ ಗುಲ್‌ಮೊಹರ್ ಮೊನ್ನೆಯ ಗಾಳಿಮಳೆಗೆ ಬುಡಸಮೇತ ಉರುಳಿತು. ಆ ಜಾಗಕ್ಕೆ ನಾಲ್ಕು ಗಿಡ ಹಾಕಬೇಕು. ಅಕ್ಕಪಕ್ಕದವರಿಗೆ ಟಬೂಬಿಯಾನೇ ಬೇಕಂತೆ, ಹೂ ಚೆಂದ ಅಂತ. ನನಗೆ ಭಯ. 2024ರ ಏಪ್ರಿಲ್‌ನಲ್ಲಿ ಇಲ್ಲಿ 38 ಡಿಗ್ರಿ ದಾಟಿತ್ತು, ಎಷ್ಟೋ ಬೋರ್‌ವೆಲ್ ಬತ್ತಿದ್ದವು, ಆಮೇಲೆ ನೋಡಿದರೆ ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಮಳೆ. ಎರಡನ್ನೂ ತಡೆದುಕೊಳ್ಳುವ ಮರ ಯಾವುದು?

ಹೊಂಗೆನೆರಳು:
ಹೊಂಗೆ ಹಾಕಿ, ಜಾಸ್ತಿ ಯೋಚಿಸಬೇಡಿ. ಬೇರು ಆಳಕ್ಕೆ ಇಳಿಯುತ್ತದೆ. ಎಲೆ ಉದುರಿದರೂ ಸ್ವಲ್ಪ ದಿನ ಅಷ್ಟೇ, ಯುಗಾದಿ ಹೊತ್ತಿಗೆ ಮತ್ತೆ ಚಿಗುರು, ಸುಡುಬಿಸಿಲಿನಲ್ಲಿ ತಂಪು ನೆರಳು. ಟಬೂಬಿಯಾ ಮೈತುಂಬ ಹೂ ಬಿಟ್ಟಾಗ ಎಲೆಯೇ ಇರುವುದಿಲ್ಲ ಅಲ್ವಾ, ಅದರ ಕೆಳಗೆ ನಿಲ್ಲುವುದು ಹೇಗೆ? ಹೂ ಬೇಕೇ ಬೇಕು ಅಂದರೆ ಒಂದು ಕಕ್ಕೆ ಇರಲಿ. ನಮ್ಮ ಒಣ ಕಾಡಿನ ಮರ, ಕಡಿಮೆ ನೀರಿಗೂ ತಾಳುತ್ತದೆ. ಅಂದ ಹಾಗೆ, ಬಿದ್ದ ಮರದ ಬೇರು ನೋಡಿದಿರಾ?

ಪಾರ್ಕ್‌ಪಕ್ಕದಮನೆ:
ಈಗ ಹೋಗಿ ನೋಡಿ ಬಂದೆ. ರಸ್ತೆ ಕಡೆ ಬೇರೇ ಇಲ್ಲ! ತೊಡೆ ದಪ್ಪದ ಮೂರು ಬೇರು ನೇರವಾಗಿ ಕತ್ತರಿಸಿ ಹೋಗಿವೆ. ತುದಿ ಕಪ್ಪಗೆ ಕೊಳೆತಿದೆ, ಮುಟ್ಟಿದರೆ ಪುಡಿಪುಡಿ. ಹೋದ ವರ್ಷ ಚರಂಡಿಗೆ ಅಗೆದಿದ್ದರು, ಆಗಲೇ ಆಗಿದ್ದು. ನೋಡಿ ಹೊಟ್ಟೆ ಉರಿಯಿತು.

ಹೊಂಗೆನೆರಳು:
ಅದೇ ನನ್ನ ಅನುಮಾನ. ಗುಲ್‌ಮೊಹರ್ ಬೇರು ಮೇಲ್ಮೇಲೇ ಹರಡುತ್ತದೆ, ಒಂದು ಕಡೆ ಕಡಿದರೆ ಮುಗಿಯಿತು. ಹಾಗೆ ಕಡಿದರೆ ಹೊಂಗೆಯೂ ನಿಲ್ಲುವುದಿಲ್ಲ. ಚರಂಡಿಯಿಂದ ದೂರ ನೆಡಿ, ಬುಡದ ಸುತ್ತ ಸಿಮೆಂಟ್ ಹಾಕಲು ಬಿಡಲೇಬೇಡಿ. ಕವರ್ ಬಿಚ್ಚಿದಾಗ ತಳದಲ್ಲಿ ಬೇರು ಸುರುಳಿ ಸುತ್ತಿಕೊಂಡಿದ್ದರೆ ಮೆಲ್ಲಗೆ ಬಿಡಿಸಿ ನೆಡಿ, ಇಲ್ಲದಿದ್ದರೆ ಮರ ದೊಡ್ಡದಾದ ಮೇಲೂ ಹಿಡಿತ ಸಿಗುವುದಿಲ್ಲ.

ಕಲಬುರಗಿಯಿಂದ:
ನಮ್ಮ ಕಡೆ ಬೇವೇ ರೀ, 43 ಡಿಗ್ರಿಗೂ ಹಸಿರಾಗಿ ನಿಲ್ಲುತ್ತದೆ. ಆದರೂ ನಾಲ್ಕೂ ಒಂದೇ ಜಾತಿ ಹಾಕಬೇಡಿ. 2021ರಲ್ಲಿ ತೆಲಂಗಾಣದಲ್ಲಿ ಬೇವಿನ ಕೊಂಬೆಗಳ ತುದಿ ಸುಟ್ಟ ಹಾಗೆ ಒಣಗಿದ್ದವು, ಶಿಲೀಂಧ್ರ ರೋಗ. ಸಾಲಾಗಿ ಒಂದೇ ಮರ ಇದ್ದರೆ ಬೀದಿಗೆ ಬೀದಿಯೇ ಬೋಳಾಗುತ್ತದೆ. ಎರಡು ಹೊಂಗೆ, ಒಂದು ನೇರಳೆ, ಒಂದು ಕಕ್ಕೆ ಹಾಕಿ. ಮೊದಲ ಎರಡು ಬೇಸಿಗೆ ಮಾತ್ರ ನೀರು ತಪ್ಪಿಸಬೇಡಿ ರೀ, ಎಂಥ ಗಟ್ಟಿ ಗಿಡವಾದರೂ ಎಳೆಯದು ಎಳೆಯದೇ.

ಪಾರ್ಕ್‌ಪಕ್ಕದಮನೆ:
ಎಲ್ಲರಿಗೂ ಥ್ಯಾಂಕ್ಸ್. ಅಕ್ಕಪಕ್ಕದವರನ್ನು ಕರೆದುಕೊಂಡು ಹೋಗಿ ಆ ಬೇರು ತೋರಿಸಿದೆ, ಒಪ್ಪಿದರು. ಅಕ್ಕಿ, ತರಕಾರಿ ತೊಳೆದ ನೀರು ಹಾಕಲು ಒಂದೊಂದು ಮನೆಗೆ ಒಂದೊಂದು ಗಿಡ ಹಂಚಿಕೊಂಡಿದ್ದೇವೆ. ಚರಂಡಿಯಿಂದ ಹತ್ತಡಿ ಬಿಟ್ಟು ಸುಣ್ಣದಲ್ಲಿ ಗುರುತು ಹಾಕಿದ್ದೇನೆ. ಭಾನುವಾರ ಗುಂಡಿ ತೆಗೆಯುತ್ತೇವೆ.