ಹಳೆ ರೋಡ್ ಸೈಕಲ್: 55 ಸೈಜಿನ ಫ್ರೇಮ್ ನನಗೆ ಹೊಂದುತ್ತಾ?

ಕಲಬುರಗಿ ಸವಾರ
ಎಲ್ಲರಿಗೂ ನಮಸ್ಕಾರ. ಹೈದರಾಬಾದಿನಲ್ಲಿ ಒಬ್ಬರು ಹಳೆ ಸ್ಟೀಲ್ ಪ್ಯೂಜೊ (ಫ್ರೆಂಚ್ ಕಂಪನಿಯ ಸೈಕಲ್) ಮಾರುತ್ತಿದ್ದಾರೆ. ಫೋಟೋದಲ್ಲಿ ಫ್ರೇಮ್ ಚೆನ್ನಾಗೇ ಇದೆ, ಬಣ್ಣ ಮಾತ್ರ ಅಲ್ಲಲ್ಲಿ ಎದ್ದಿದೆ. ಸೈಜ್ ಕೇಳಿದರೆ 55 ಸೆಂಟಿಮೀಟರ್ ಅಂತಾರೆ, ಅಷ್ಟೇ. ನನ್ನ ಎತ್ತರ 5 ಅಡಿ 8 ಇಂಚು. ಇಲ್ಲಿ ಇಂಥ ಸೈಕಲ್ ಹತ್ತಿ ನೋಡೋಕೆ ಸಿಗಲ್ಲ. ಬೆಳಿಗ್ಗೆ ಹುಮನಾಬಾದ್ ರೋಡಿನಲ್ಲಿ ಎರಡು ತಾಸು ಹೊಡೀಬೇಕು ಅಂತ ಆಸೆ. ದುಡ್ಡು ಕಳಿಸಲಾ?

ಬೀದರ್ ಕೋಟೆ ಹಾದಿ
ಈಗಲೇ ಬೇಡ. ಎತ್ತರ ನೋಡಿ ಫ್ರೇಮ್ ಆರಿಸೋದು ಸರಿಯಲ್ಲ, ಒಂದೇ ಎತ್ತರದವರಲ್ಲೂ ಒಬ್ಬರ ಕಾಲು ಉದ್ದ, ಇನ್ನೊಬ್ಬರ ಮೈ ಉದ್ದ ಇರುತ್ತೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಕಾಲ ಸಂದಿಗೆ ದಪ್ಪ ಪುಸ್ತಕ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಅದನ್ನು 0.65ರಿಂದ ಗುಣಿಸಿದರೆ ಫ್ರೇಮ್ ಸೈಜಿನ ಅಂದಾಜು ಸಿಗುತ್ತೆ. ಆದರೆ ಆ 55 ಎಲ್ಲಿಂದ ಎಲ್ಲಿಗೆ ಅಂತ ಮೊದಲು ಕೇಳಿ! ಕ್ರ್ಯಾಂಕ್ ಆಕ್ಸಲ್ (ಪೆಡಲ್ ತಿರುಗೋ ಅಚ್ಚು) ನಡುವಿನಿಂದ ಮೇಲಿನ ಬಾರಿನ (ಸೀಟಿನ ಕಡೆಯಿಂದ ಹ್ಯಾಂಡಲ್ ಕಡೆಗೆ ಹೋಗೋ ಫ್ರೇಮಿನ ಮೇಲಿನ ಕೊಳವೆ) ನಡುವಿಗೆ ಅಳೆಯೋರು ಇದ್ದಾರೆ, ಸೀಟ್ ಟ್ಯೂಬಿನ (ಸೀಟಿನ ಕೆಳಗಿನ ಕೊಳವೆ) ತುದಿಗೆ ಅಳೆಯೋರೂ ಇದ್ದಾರೆ. ಅಲ್ಲೇ ಒಂದೂವರೆ ಸೆಂಟಿಮೀಟರ್ ಹೆಚ್ಚುಕಡಿಮೆ. 0.65 ಲೆಕ್ಕ ಬಾರಿನ ನಡುವಿನದ್ದು.

ಯಾದಗಿರಿ ಗಾಲಿ
ಅವರು ಹೇಳಿದ್ದು ಖರೆ. ಆದರೆ ನನ್ನ ಪ್ರಕಾರ ಬಾರಿನ ಉದ್ದವೇ ಮುಖ್ಯ. ಸೀಟು ಮೇಲೆ ಕೆಳಗೆ ಮಾಡಬಹುದು, ಬಾರನ್ನು ಗಿಡ್ಡ ಮಾಡೋಕಾಗಲ್ಲ, ಅಲ್ವಾ? ಸೀಟ್ ಟ್ಯೂಬಿನ ನಡುವಿನಿಂದ ಹೆಡ್ ಟ್ಯೂಬಿನ (ಹ್ಯಾಂಡಲ್ ಕೆಳಗಿನ ಗಿಡ್ಡ ಕೊಳವೆ) ನಡುವಿಗೆ ಟೇಪ್ ಹಿಡಿದು ಫೋಟೋ ಕಳಿಸಲು ಹೇಳಿ. ಉದ್ದ ಜಾಸ್ತಿಯಾದರೆ ಕೈ ಚಾಚಿ ಚಾಚಿ ಕುತ್ತಿಗೆ, ಭುಜ ಹಿಡ್ಕೊಳ್ಳುತ್ತೆ. ಅದಕ್ಕಂತ ಸುಮ್ನೆ ಸೀಟು ಮುಂದೆ ತಳ್ಳಬೇಡಿ, ಮೊಣಕಾಲಿಗೆ ತೊಂದರೆ. ಆ ಕಾಲದ ಬಾರ್ ನೆಲಕ್ಕೆ ಸಮವಾಗಿರುತ್ತೆ, ಹಾಗಾಗಿ ಶೂ ಹಾಕಿ ಬಾರಿನ ಮೇಲೆ ಕಾಲು ಅಗಲಿಸಿ ನಿಂತಾಗ ಬಾರಿಗೂ ಕಾಲ ಸಂದಿಗೂ ನಡುವೆ ಎರಡು-ಮೂರು ಸೆಂಟಿಮೀಟರ್ ಜಾಗ ಇದ್ದರೆ ಸಾಕು. ಸೀಟ್ ಪೋಸ್ಟ್ (ಸೀಟನ್ನು ಹಿಡಿದಿರೋ ಕಂಬಿ) ಕೂಡ ಈಗಿನ ಸೈಕಲ್ ಥರ ಉದ್ದಕ್ಕೆ ಕಾಣಬೇಕಿಲ್ಲ, ಒಂದು ಮುಷ್ಟಿ ಕಂಡರೆ ಸರಿ.

ಕಲಬುರಗಿ ಸವಾರ
ಅಳೆದೆ, ಕಾಲು 82 ಸೆಂಟಿಮೀಟರ್. ಅವರ 55 ತುದಿವರೆಗಿನದ್ದಂತೆ, ಬಾರಿನ ನಡುವಿಗೆ 53.5. ಬಾರಿನ ಉದ್ದ 55.5, ಸ್ಟೆಮ್ (ಹ್ಯಾಂಡಲನ್ನು ಹಿಡಿದು ಫೋರ್ಕಿನ ಕೊಳವೆಯೊಳಗೆ ಇಳಿಯೋ ತುಂಡು) ಮುಂದಕ್ಕೆ 11.

ಬೀದರ್ ಕೋಟೆ ಹಾದಿ
82ಕ್ಕೆ 53.3 ಬರುತ್ತೆ, ಎತ್ತರ ಹೇಳಿ ಮಾಡಿಸಿದ ಹಾಗಿದೆ. ಉದ್ದ ಮಾತ್ರ ಸ್ವಲ್ಪ ಜಾಸ್ತಿ, 9ರ ಸ್ಟೆಮ್ ಹಾಕಿದರೆ ಆಯ್ತು. ಹಳೆ ಫ್ರೆಂಚ್ ಸೈಕಲ್‌ಗಳಲ್ಲಿ ಸ್ಟೆಮ್ ದಪ್ಪ 22.0 ಮಿಲಿಮೀಟರ್ ಇರುತ್ತೆ, ಮಾಮೂಲಿ 22.2ರದ್ದು ಒಳಗೆ ಇಳಿಯಲ್ಲ, ವರ್ನಿಯರ್‌ನಲ್ಲಿ (ದಪ್ಪ ನಿಖರವಾಗಿ ಅಳೆಯೋ ಸಾಧನ) ಅಳೆಸಿ. ಇನ್ನೊಂದು, ಅಲ್ಯೂಮಿನಿಯಂ ಸ್ಟೆಮ್, ಸೀಟ್ ಪೋಸ್ಟ್ ಸ್ಟೀಲಿನೊಳಗೆ ವರ್ಷಗಟ್ಟಲೆ ಕೂತರೆ ಕಚ್ಚಿಬಿಡುತ್ತೆ. ಎರಡನ್ನೂ ಸಡಿಲಿಸಿ ಹೊರಗೆ ತೆಗೆಯೋ ವಿಡಿಯೋ ಕೇಳಿ, ಅದು ಬಂದ ಮೇಲೆ ಮುಂಗಡ ಕೊಡಿ.